ನೀಲಿ ಬಳಿದ ಗುಡ್ಡ

“ಬುಡದ್ ಗಂಟ ಬಳಿಯೇ ಮುಂಡೇದೆ! ಮೇಲ್ಮೇಲೆ ನೆಕ್ಕಿದಂಗೆ ಬಳುದ್ರೆ ಆಯ್ತಾ? ನಿಮ್ಮಪ್ಪನ ಮನೆ ಗೋಡೆ ಅಂದ್ಕಂಡಿದ್ದೀಯಾ?”

ಮೇಸ್ತ್ರಿ ಫಿರ್ಮೀನೊ ಬೆಲ್ಮೀರಾಳ ಬೆನ್ನ ಹಿಂದೆ ನಿಂತು ಕೂಗುತ್ತಿದ್ದ. ಬೆಲ್ಮೀರಾ ಮೊಣಕಾಲೂರಿ ಕೂತು, ಸುಟ್ಟು ಇದ್ದಲಾದ ಪೈನ್ ಮರದ ಬುಡಕ್ಕೆ ಬ್ರಷ್ಷು ತಿಕ್ಕುತ್ತಿದ್ದಳು. ಬಣ್ಣ ಇದ್ದಲಿನ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಸಲ ಬಳಿದರೆ ಕಪ್ಪು ಅದನ್ನು ಕುಡಿದುಬಿಡುತ್ತಿತ್ತು. ಮತ್ತೆ ಬಳಿಯಬೇಕು, ಮತ್ತೆ ಬಳಿಯಬೇಕು.

“ನಮ್ಮಪ್ಪನ ಮನೆ ಗೋಡೆ ಆಗಿದ್ರೆ ಸುಣ್ಣ ಬಳೀತಿದ್ದೆ,” ಎಂದಳು ಬೆಲ್ಮೀರಾ ತಲೆ ಎತ್ತದೆ. “ಇಂಥಾ ದರಿದ್ರದ ಬಣ್ಣ ಯಾರು ಬಳೀತಾರೆ?”

ನಾವು ಯಾರೂ ನಗಲಿಲ್ಲ. ನಕ್ಕವರನ್ನು ಫಿರ್ಮೀನೊ ಮಾರನೆಯ ದಿನ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಸುಟ್ಟ ಗುಡ್ಡದ ಒಂದೊಂದು ಮರಕ್ಕೂ ಆಕಾಶದ ಬಣ್ಣ ಬಳಿಯುವುದು ನಮ್ಮ ಕೆಲಸ. ಲಿಸ್ಬನ್ನಿನಿಂದ ಬಂದ ಲೊರೆನ್ಸು ಎಂಬ ಕಲಾವಿದನ ಚಿತ್ರವಂತೆ ಅದು. ಬಟ್ಟೆಯ ಮೇಲಲ್ಲ, ಕಾಗದದ ಮೇಲಲ್ಲ, ಗುಡ್ಡದ ಮೇಲೇ ಬರೆಯುವ ಚಿತ್ರ. ಎದುರಿನ ರಸ್ತೆಯಲ್ಲಿ ಕಟ್ಟುತ್ತಿದ್ದ ಕಟ್ಟೆಯ ಮೇಲೆ ನಿಂತು ನೋಡಿದರೆ ಗುಡ್ಡದ ನೆತ್ತಿಯಿಂದ ನೀರು ಇಳಿದು ಬಂದ ಹಾಗೆ ಕಾಣಬೇಕಂತೆ.

ಎರಡು ವರ್ಷದ ಹಿಂದೆ ಆ ಗುಡ್ಡದಿಂದ ಇಳಿದು ಬಂದದ್ದು ಬೆಂಕಿ. ಆಗಸ್ಟಿನ ಉರಿಬಿಸಿಲಲ್ಲಿ, ಹಳ್ಳದ ಆಚೆಯ ನೀಲಗಿರಿ ತೋಪಿನಿಂದ ಹಾರಿ ಬಂದಿತ್ತು. ತೋಪು ಕಾಗದದ ಕಾರ್ಖಾನೆಯದು. ನೀಲಗಿರಿಯ ತೊಗಟೆ ಹೊತ್ತಿಕೊಂಡರೆ ಉರಿಯುವ ಚಿಂದಿಬಟ್ಟೆಯ ಹಾಗೆ ಗಾಳಿಗೆ ಹಾರುತ್ತದೆ, ಬಿದ್ದಲ್ಲಿ ಇನ್ನೊಂದು ಬೆಂಕಿ ಹಚ್ಚುತ್ತದೆ. ನಮ್ಮ ಉರ್ಜಲ್ ಊರಿನ ಗೋಮಾಳದಲ್ಲಿದ್ದ ಪೈನು, ಓಕು ಎಲ್ಲ ಸಂಜೆಯೊಳಗೆ ಕರಕಲಾದವು. ಬೆಲ್ಮೀರಾಳ ಗಂಡ ಅರ್ಲಿಂದು ಆಡಿನ ದೊಡ್ಡಿಯ ಬಾಗಿಲು ತೆಗೆಯಲು ಓಡಿದವನು ಆ ಬಾಗಿಲಲ್ಲೇ ಹೆಣವಾಗಿ ಸಿಕ್ಕಿದ. ಅವನನ್ನು ಈಚೆಗೆ ಎಳೆಯಲು ಹೋಗಿ ಬೆಲ್ಮೀರಾಳ ಕೆನ್ನೆಯಿಂದ ಕುತ್ತಿಗೆಯವರೆಗೆ ಬೆಂದುಹೋಯಿತು.

ಕಾರ್ಖಾನೆಯವರು ಪತ್ರಿಕೆಯವರ ಮುಂದೆ ಹೇಳಿದ್ದು ಇಷ್ಟು: ಯಾವನೋ ಆಡು ಕಾಯುವವನು ಸಿಗರೇಟು ಎಸೆದಿರಬೇಕು. ಅರ್ಲಿಂದು ಸಿಗರೇಟು ಮುಟ್ಟಿದವನಲ್ಲ. ಊರಿಗೆಲ್ಲ ಗೊತ್ತಿತ್ತು. ಆದರೆ ಊರನ್ನು ಯಾರೂ ಕೇಳಲಿಲ್ಲ.

ಲೊರೆನ್ಸು ಬಂದ ಹೊಸದರಲ್ಲಿ ಪಂಚಾಯ್ತಿ ಅಧ್ಯಕ್ಷ ಅಮಾದೇವು ನಮ್ಮನ್ನೆಲ್ಲ ಚರ್ಚಿನ ಮುಂದೆ ಸೇರಿಸಿದ್ದ. ಕಲಾವಿದ ಎಳೆಯ ಗಡ್ಡದವನು, ಮಾತು ಮೆತ್ತಗೆ. “ಬೆಂಕಿ ಹರಿದ ದಾರಿಯಲ್ಲೇ ಈಗ ನೀರು ಹರಿಯಬೇಕು. ಮನುಷ್ಯ ಪ್ರಕೃತಿಯ ಕ್ಷಮೆ ಕೇಳುವ ಚಿತ್ರ ಇದು,” ಎಂದ.

ಕೆರುಬೀನ್ ಮುದುಕ ಎದ್ದು ನಿಂತ. ಜೀವಮಾನವೆಲ್ಲ ಪೈನ್ ಮರದಿಂದ ರಾಳ ಇಳಿಸಿದವನು. “ಯಾವ ಮನ್ಸ ಸ್ವಾಮಿ ಕ್ಷಮೆ ಕೇಳ್ಬೇಕಿರೋದು? ನಾವಾ, ಹಳ್ಳದಾಚೆಯೋರಾ?”

“ಎಲ್ಲರೂ,” ಎಂದ ಲೊರೆನ್ಸು.

“ಎಲ್ರೂ ಅಂದ್ರೆ ಯಾರೂ ಇಲ್ಲ ಅಂತ,” ಎಂದು ಕೆರುಬೀನ್ ಕೂತುಬಿಟ್ಟ.

“ಖರ್ಚು ಯಾರ್ದು?” ಎಂದು ಹಿಂದಿನಿಂದ ಎತೆಲ್ವೀನಾ ಕೂಗಿದಳು. ಅವಳ ಬಾಯಿ ಊರಿಗೆಲ್ಲ ಗೊತ್ತು. ಅಮಾದೇವು ಕೆಮ್ಮಿದ. “ಕಾರ್ಖಾನೆಯೋರು ಪುಣ್ಯಕ್ಕೆ ಕೊಡ್ತಾವ್ರೆ. ಊರು ಉದ್ಧಾರ ಆಗ್ಲಿ ಅಂತ. ನಿಮ್ಗೆ ಕೂಲಿ ಸಿಕ್ತದೆ, ಬಾಯ್ಮುಚ್ಕಂಡು ಬನ್ನಿ.”

ಕಾರ್ಖಾನೆ ಪುಣ್ಯಕ್ಕೆ ಏನಾದರೂ ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಇದರೊಳಗೆ ಏನೋ ಇದೆ ಎಂದುಕೊಂಡೇ ಹೋದೆವು. ಹೋಗದೆ ಏನು ಮಾಡುವುದು? ಪೈನ್ ಸುಟ್ಟ ಮೇಲೆ ರಾಳದ ಕೆಲಸ ಇಲ್ಲ. ಆಡು ಸತ್ತ ಮೇಲೆ ಚೀಸಿನ ವ್ಯಾಪಾರವೂ ಇಲ್ಲ.

ಗುಡ್ಡದ ಅರ್ಧಕ್ಕೆ ಏರುವಷ್ಟರಲ್ಲಿ ನಮ್ಮ ಕೂದಲು, ಉಗುರು, ಕಿವಿ ಎಲ್ಲ ನೀಲಿಯಾಗಿದ್ದವು. ಮಧ್ಯಾಹ್ನ ಸೊಪ್ಪಿನ ಸಾರಿಗೆ ಜೋಳದ ಬ್ರೆಡ್ಡು ಅದ್ದಿದರೆ ಸಾರೂ ನೀಲಿ. ಪೈನು ಮುಗಿದು ಓಕ್ ಮರಗಳು ಶುರುವಾದವು. ಮೇಲೆಲ್ಲ ಇದ್ದಲು. ಬುಡದಲ್ಲಿ ಮಾತ್ರ ಬೆರಳುದ್ದದ ಚಿಗುರು ಒಡೆದಿತ್ತು. ಒಂದಕ್ಕಲ್ಲ, ಕಣ್ಣು ಹಾಯಿಸಿದ ಕಡೆಯೆಲ್ಲ.

ಕೆರುಬೀನ್ ಟೋಪಿ ತೆಗೆದ. “ಬದುಕವೆ ಕಣ್ರೇ,” ಎಂದ. “ಬಡ್ಡೀಮಕ್ಳು ಬದುಕವೆ!”

ನಾವೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದಾಗ ಫಿರ್ಮೀನೊ ಬಂದ. “ಏನು ಮೆರವಣಿಗೆ ಇಲ್ಲಿ? ಮುರೀರಿ ಅದ್ನ.”

“ಏನ್ನ?” ಎಂದೆ ನಾನು.

“ಆ ಹಸುರ್ನ. ರಸ್ತೆ ಕಡೆಯಿಂದ ನೋಡಿದ್ರೆ ಹಸುರು ಕಾಣಿಸ್ಬಾರ್ದು. ನೀಲಿ ಕೆಡ್ತದಂತೆ.”

“ಜೀವ ಬಂದಿರೋ ಮರಾನ ಕೊಂದು, ಸತ್ತೋದ್ರ ಮೇಲೆ ಬಣ್ಣ ಬಳೀಬೇಕಾ?” ಕೆರುಬೀನ್ ಅವನ ಮುಖದೆದುರೇ ಹೋಗಿ ನಿಂತ. “ತಲೆಗಿಲೆ ಕೆಟ್ಟೈತೇನ್ಲಾ ನಿಂಗೆ?”

“ನಂಗ್ಯಾಕ್ ಹೇಳ್ತೀಯ ಮುದ್ಕ? ಮುರಿಯಂಗಿದ್ರೆ ಮುರಿ. ಇಲ್ಲಾಂದ್ರೆ ಮನೇಗೋಗಿ ಬಿದ್ಕೋ.”

ಕೆರುಬೀನ್ ಬ್ರಷ್ಷು ಬಿಸಾಡಿ ಹೋದ. ಮಾರನೆಯ ದಿನ ಬೆಳಿಗ್ಗೆ ಬಂದು, ಯಾರ ಮುಖವನ್ನೂ ನೋಡದೆ, ಬಿಸಾಡಿದ ಬ್ರಷ್ಷು ಹುಡುಕಿಕೊಂಡ. ನಾವು ಚಿಗುರು ಮುರಿದೆವು. ಎಳೆ ಚಿಗುರು ಮುರಿದರೆ ಸದ್ದೂ ಬರುವುದಿಲ್ಲ.

ಆ ಕೆಲಸ ಮುಗಿದ ವಾರದಲ್ಲೇ ಅಮಾದೇವು ಟೈ ಕಟ್ಟಿದ ಇಬ್ಬರನ್ನು ಗುಡ್ಡಕ್ಕೆ ಕರೆತಂದ. ಅವರು ಅಲ್ಲಿ ಇಲ್ಲಿ ನಿಂತು ನೋಡಿದರು, ಬೂಟುಗಾಲಿನಿಂದ ಬುಡ ಒದ್ದು ನೋಡಿದರು. “ಒಂದೂ ಜೀವಂತ ಇಲ್ಲ,” ಎಂದ ಒಬ್ಬ. “ಒಂದೂ ಇಲ್ಲ ಸಾರ್, ಸತ್ತ ಕಾಡು,” ಎಂದು ಅಮಾದೇವು ಸಾವಿನ ಮನೆಗೆ ಹೋದವನ ಹಾಗೆ ತಲೆ ಬಗ್ಗಿಸಿದ.

ಅವರು ಇಳಿದು ಹೋಗುವುದನ್ನೇ ನೋಡುತ್ತಿದ್ದ ಎತೆಲ್ವೀನಾ, “ಸತ್ತೈತಾ ಬದುಕೈತಾ ಅಂತ ನೋಡಾಕೆ ಇವ್ರಿಗ್ಯಾಕೆ ಇಷ್ಟು ಆತ್ರ?” ಎಂದಳು. ಅದೇ ವಾರ ಲಾರಿಗಳು ಗುಡ್ಡದ ಹಿಂಬದಿಯ ದಾರಿ ಹಿಡಿದು ಹೋಗಲು ಶುರುವಾದವು. ಮೇಲೆ ಕರಿಯ ಬಲೆ ಹೊದಿಸಿದ್ದರು. ನೆತ್ತಿ ದಾಟಿ ಆ ಕಡೆ ಹೋಗಬಾರದೆಂದು ಫಿರ್ಮೀನೊ ಹಗ್ಗ ಕಟ್ಟಿದ.

ಒಂದು ದಿನ ಲೊರೆನ್ಸು ಕ್ಯಾಮೆರಾ ಹಿಡಿದುಕೊಂಡು ಬಂದು ಬೆಲ್ಮೀರಾಳ ಮುಂದೆ ನಿಂತ.

“ಅಮ್ಮ, ಆ ತಲೆವಸ್ತ್ರ ಸ್ವಲ್ಪ ತೆಗೀತೀರಾ? ಕುತ್ತಿಗೆ ಕಾಣಲಿ.”

“ಯಾಕೆ?”

“ನಿಮ್ಮ ಗಾಯ ಈ ಮರದ ತೊಗಟೆ ಥರಾನೇ ಇದೆ. ಎರಡನ್ನೂ ಒಟ್ಟಿಗೆ ನೋಡಿದ್ರೆ ಜನಕ್ಕೆ ಅರ್ಥ ಆಗುತ್ತೆ.”

“ಏನು ಅರ್ಥ ಆಗ್ತದೆ?”

“ಮನುಷ್ಯ ಬೇರೆ, ಪ್ರಕೃತಿ ಬೇರೆ ಅಲ್ಲ ಅಂತ.”

ಬೆಲ್ಮೀರಾ ಒಂದು ಸಲ ಮರ ನೋಡಿದಳು, ಒಂದು ಸಲ ಅವನನ್ನು ನೋಡಿದಳು. “ಮರಕ್ಕೆ ಬಣ್ಣ ಬಳಿಸಿದ್ರಿ. ನಂಗೂ ಬಳೀತೀರಾ?”

ಅವಳು ಚುಚ್ಚಲೆಂದು ಅಂದದ್ದು. ಅವನ ಕಣ್ಣು ಅರಳಿತು. ಬಗ್ಗಿ ಡಬ್ಬಿಯೊಳಗೆ ಹೆಬ್ಬೆರಳು ಅದ್ದಿ, ಅವಳ ಬೆಂದ ಕುತ್ತಿಗೆಯ ಮೇಲೆ ಕಿವಿಯಿಂದ ಎದೆಮೂಳೆಯವರೆಗೆ ನೀಲಿಯ ಗೆರೆ ಎಳೆದ. ನಿಧಾನವಾಗಿ, ಬಹಳ ಎಚ್ಚರದಿಂದ ಎಳೆದ. ನಾವೆಲ್ಲ ಬ್ರಷ್ಷು ಕೆಳಗಿಟ್ಟು ನೋಡುತ್ತಿದ್ದೆವು. ಅವಳು ಕೈ ಎತ್ತಲಿಲ್ಲ.

“ನೆಟ್ಟಗೆ ನಿಂತ್ಕೊಳ್ಳೇ, ಸಾಹೇಬ್ರಿಗೆ ಬಿಸ್ಲು ಓಯ್ತದೆ,” ಎಂದ ಫಿರ್ಮೀನೊ.

ಲೊರೆನ್ಸು ಕ್ಯಾಮೆರಾ ಕಣ್ಣಿಗಿಟ್ಟ. “ನಗಬೇಡಿ ಅಮ್ಮ.”

“ನಗ್ತಿಲ್ಲ ಸ್ವಾಮಿ. ಚರ್ಮ ಹಂಗೆ ಎಳ್ಕಂಡೈತೆ.”

ಅದಾದ ಮೇಲೆ ಬೆಲ್ಮೀರಾ ಬದಲಾದಳು. ಲೊರೆನ್ಸು ಕರೆದಾಗಲೆಲ್ಲ ಎದ್ದು ಹೋಗುವಳು. ಅವನ ಡೇರೆಯ ನೆರಳಲ್ಲಿ ಕೂತು ಕಾಫಿ ಕುಡಿಯುವಳು. ಒಂದು ದಿನ ಅವನ ಜೀಪಿನಲ್ಲಿ ಮುಂದುಗಡೆ ಕೂತು, ಫಿರ್ಮೀನೊ ಕಟ್ಟಿದ ಹಗ್ಗ ಬಿಚ್ಚಿಸಿ, ನೆತ್ತಿ ದಾಟಿ ಹೋದಳು. ನಾವು ಬಿಸಿಲಲ್ಲಿ ಬಳಿಯುತ್ತ ನೋಡಿದೆವು.

“ಗಂಡನ್ನ ಸುಟ್ಟೋರ ದುಡ್ಡಲ್ಲಿ ಓಡೋ ಜೀಪು,” ಎಂದಳು ಎತೆಲ್ವೀನಾ. “ಹೆಂಗ್ ಕುಂತವ್ಳೆ ನೋಡು ರಾಣಿ ಥರ. ಏನ್ ಕೊಟ್ಟವ್ನೋ, ಏನ್ ಇಸ್ಕಂಡವ್ಳೋ.”

“ಬಿಡಕ್ಕ,” ಎಂದೆ ನಾನು. ಆದರೆ ಅವತ್ತು ಊಟಕ್ಕೆ ಬೆಲ್ಮೀರಾಳ ಪಕ್ಕದಲ್ಲಿ ಕೂರಲು ನನಗೂ ಮನಸ್ಸಾಗಲಿಲ್ಲ.

ಶನಿವಾರ ಮಧ್ಯಾಹ್ನ ನಾವು ಊರ ತೊಟ್ಟಿಯಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಎಷ್ಟು ಸೋಪು ಹಚ್ಚಿದರೂ ನೀರು ನೀಲಿಯಾಗಿಯೇ ಹರಿಯುತ್ತಿತ್ತು. ಬೆಲ್ಮೀರಾ ಬಂದಳು. ಎತೆಲ್ವೀನಾ ಬೇಕೆಂದೇ ಬಟ್ಟೆಯನ್ನು ಕಲ್ಲಿನ ಮೇಲೆ ಜೋರಾಗಿ ಬಡಿದಳು. “ಬಂದ್ರು ಕಣಮ್ಮ ಸಾಹೇಬ್ರ ಮನೇರು. ಜಾಗ ಬಿಡಿ.”

ಬೆಲ್ಮೀರಾ ಏಪ್ರನ್ನಿನ ಮಡಿಲಿನಿಂದ ಒಂದು ಸಸಿ ತೆಗೆದು ಒದ್ದೆ ಕಲ್ಲಿನ ಮೇಲೆ ಎಸೆದಳು. ಗೇಣುದ್ದ ಇತ್ತು. ಬೇರಿನಲ್ಲಿ ಕರಿಯ ಮಣ್ಣಿನ ಮುದ್ದೆ.

“ಉಜ್ಜಿ ಮೂಸು,” ಎಂದಳು.

ಎತೆಲ್ವೀನಾ ಎಲೆ ಹಿಸುಕಿ ಮೂಗಿನ ಹತ್ತಿರ ಹಿಡಿದಳು. ಮೂಸಬೇಕಾಗಿಯೂ ಇರಲಿಲ್ಲ, ನನ್ನವರೆಗೂ ಬಂದಿತ್ತು ವಾಸನೆ. ಆ ಆಗಸ್ಟಿನ ಸಂಜೆ ಊರಿಡೀ ಹಬ್ಬಿದ್ದ ವಾಸನೆ.

“ಎಲ್ಲಿತ್ತೇ ಇದು?”

“ಗುಡ್ಡದ ಬೆನ್ನಾಗೆ. ಕರೀ ಬಲೆ ಕೆಳ್ಗೆ, ತಟ್ಟೆ ತಟ್ಟೆ ಜೋಡ್ಸವ್ರೆ. ಊರನ್ನೇ ಮುಚ್ಚೋವಷ್ಟು ಐತೆ. ಅಲ್ಲಿ ನಿಂತ್ರೆ ಫೋಟೊ ಬೋ ಚೆಂದ ಬತ್ತದೆ ಸ್ವಾಮಿ ಅಂತ ಆ ಬೆಪ್ಪನ್ನ ಪುಸಲಾಯ್ಸಿ ಕರ್ಕಂಡೋದೆ. ಲಾರೀಲಿ ಏನ್ ತಂದ್ ಸುರೀತಾವ್ರೆ ಅಂತ ನೋಡ್ಬೇಕಿತ್ತು ನಂಗೆ.” ಅವಳು ಎತೆಲ್ವೀನಾಳ ಮುಖವನ್ನೇ ನೋಡುತ್ತ, “ನಿಂಗೆ ಬೇರೇನಾರ ಕಾಣಿಸ್ತೇನೋ,” ಎಂದಳು.

ಎತೆಲ್ವೀನಾ ತೊಟ್ಟಿಯ ಅಂಚಿನಲ್ಲಿ ಜಾಗ ಬಿಟ್ಟು ಸರಿದಳು. ನೆರಳಲ್ಲಿ ಕೂತಿದ್ದ ಕೆರುಬೀನ್ ಉಗಿದ. “ಗುಡ್ಡಕ್ಕೆಲ್ಲ ನೀಲಿ ಬಳುದ್ರಲ್ರೇ. ನೀಲಗಿರಿ ಆಗ್ದೆ ಇನ್ನೇನಾಗ್ತದೆ?”

ಸೋಮವಾರ ಬೆಳಿಗ್ಗೆ ಬೆಲ್ಮೀರಾ ಲೊರೆನ್ಸುವಿನ ಡೇರೆಯ ಮುಂದೆ ಸಸಿ ಹಿಡಿದು ನಿಂತಳು. ನಾವು ಹಿಂದೆ ನಿಂತೆವು.

“ಇದು ನಿಮ್ಮ ಚಿತ್ರದಲ್ಲಿ ಐತಾ ಸ್ವಾಮಿ?”

ಅವನು ಸಸಿ ನೋಡಿದ. ಮುಖ ಕೆಂಪಾಯಿತು. ಗೊತ್ತಿತ್ತೋ, ಆಗಲೇ ಗೊತ್ತಾಯಿತೋ, ನನಗೆ ಇವತ್ತಿಗೂ ತಿಳಿಯದು. “ನೋಡಿ ಅಮ್ಮ, ನನ್ನ ಕೆಲಸ ಗುಡ್ಡದ ಈ ಮುಖ ಮಾತ್ರ. ಉಳಿದದ್ದು ಪಂಚಾಯ್ತಿಗೆ ಬಿಟ್ಟದ್ದು. ನಾನೂ ನಿಮ್ಮ ಕಡೆಯವನೇ.”

“ನಮ್ಮ ಕಡೆಯೋರಾದ್ರೆ ಬನ್ನಿ, ಪಂಚಾಯ್ತಿಗೆ ಹೋಗಿ ಕೇಳಣ.”

“ಉದ್ಘಾಟನೆ ಹತ್ತಿರ ಬಂತು,” ಎಂದ ಅವನು. “ಅದು ಮುಗೀಲಿ.”

ನಾವೇ ಹೋದೆವು. ಅಮಾದೇವು ತನ್ನ ಕಾಫಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಊರ ಗಂಡಸರು ಇಸ್ಪೀಟು ಆಡುತ್ತಿದ್ದರು.

“ಗೋಮಾಳಕ್ಕೆ ನೀಲಗಿರಿ ಹಾಕ್ತಾವ್ರಂತೆ,” ಎಂದಳು ಬೆಲ್ಮೀರಾ. “ಗೋಮಾಳ ಊರಿಂದು.”

“ಊರು ಅಂದ್ರೆ ಯಾರೇ? ಊರು ಅಂದ್ರೆ ಪಂಚಾಯ್ತಿ. ಪಂಚಾಯ್ತಿ ಅಂದ್ರೆ ನಾನು. ಕಾರ್ಖಾನೆಗೆ ಗುತ್ತಿಗೆ ಕೊಟ್ಟಾಗೈತೆ. ಸತ್ತ ಕಾಡಿನ್ ಮೇಲೆ ಯಾವನ್ದೂ ಹಕ್ಕಿಲ್ಲ, ಕಾನೂನೇ ಹಂಗೈತೆ.”

“ಸತ್ತಿರ್ಲಿಲ್ಲ ದಣಿ. ಚಿಗುರಿತ್ತು.”

“ಹೌದಾ? ಎಲ್ಲೈತೆ ಚಿಗುರು? ತೋರ್ಸು ನಡಿ, ಈಗ್ಲೇ ಬತ್ತೀನಿ.”

ನಾವು ನಮ್ಮ ಕೈಗಳನ್ನು ನೋಡಿಕೊಂಡೆವು. ಅಮಾದೇವು ನಕ್ಕ. ನಕ್ಕು, ಲೋಟದ ತಳದಲ್ಲಿ ಉಳಿದಿದ್ದ ಕಾಫಿಯ ಗಸಿಯನ್ನು ಅವಳ ಕಾಲ ಮೇಲೆ ಚೆಲ್ಲಿದ.

“ನಿನ್ ಗಂಡ ಸಿಗರೇಟು ಎಸ್ದು ಊರಿಗೇ ಕೊಳ್ಳಿ ಇಟ್ಟ. ನಾನಾಗಿರೋ ಹೊತ್ಗೆ ಅವ್ನ ಹೆಂಡ್ತಿ ಅಂತ ನೋಡ್ದೆ ನಿಂಗೂ ಕೂಲಿ ಕೊಡಿಸ್ದೆ. ಈಗ ನನ್ ಬಾಗ್ಲಿಗೇ ಬಂದು ನ್ಯಾಯ ಕೇಳ್ತೀಯೇನೇ ಬೋಸುಡಿ? ಹೋಗ್, ಹೋಗ್ ಬಣ್ಣ ಬಳ್ಕೋ.”

ಇಸ್ಪೀಟು ಆಡುತ್ತಿದ್ದ ಗಂಡಸರು ಎಲೆಗಳಿಂದ ಕಣ್ಣು ಎತ್ತಲಿಲ್ಲ. ಅವರಲ್ಲಿ ಅರ್ಲಿಂದುವಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರೂ ಇದ್ದರು.

ಮೊದಲ ಮಳೆ ಬೀಳುತ್ತಿದ್ದ ಹಾಗೆ ಬೇರೆ ಸೀಮೆಯ ಆಳುಗಳು ಬಂದರು. ನಮ್ಮ ಮಾತು ಅವರಿಗೆ ಬಾರದು, ಅವರ ಮಾತು ನಮಗೆ ತಿಳಿಯದು. ನೀಲಿ ಮರಗಳ ನಡುನಡುವೆ ದಾರ ಹಿಡಿದು ಸಾಲು ಗುರುತು ಮಾಡಿ, ಗುಂಡಿ ತೋಡಿ, ಸಸಿ ನೆಟ್ಟು ಹೋದರು. ರಸ್ತೆಯ ಕಟ್ಟೆಯಿಂದ ನೋಡಿದರೆ ಸಸಿ ಕಾಣುತ್ತಲೇ ಇರಲಿಲ್ಲ. ಕಣ್ಣೆಲ್ಲ ನೀಲಿಗೇ ಹೋಗುತ್ತಿತ್ತು. ಗುಡ್ಡದ ಸುತ್ತ ತಂತಿಬೇಲಿ ಬಂತು, ಬೇಲಿಗೆ ಗೇಟು ಬಂತು, ಗೇಟಿಗೊಂದು ಬೋರ್ಡು: ಆಡು ಬಿಡಬಾರದು, ಸೌದೆ ಆರಿಸಬಾರದು, ಕಲಾಕೃತಿಗೆ ಹಾನಿ ಮಾಡಬಾರದು.

ಉದ್ಘಾಟನೆ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ರಸ್ತೆಯ ಕಟ್ಟೆಯಲ್ಲಿ. ಊಟ ಬಡಿಸಲು ನಮ್ಮನ್ನೇ ಕರೆದಿದ್ದರು. ನಮ್ಮ ಕರಿಯ ಲಂಗದ ಮೇಲೆ ಕಟ್ಟಿಕೊಳ್ಳಲು ನೀಲಿ ಏಪ್ರನ್ನು ಕೊಟ್ಟಿದ್ದರು. ಮಂತ್ರಿ ಬಂದಿದ್ದ, ಕಾರ್ಖಾನೆಯ ದೊಡ್ಡವರು ಬಂದಿದ್ದರು, ಬ್ಯಾಂಡಿನವರು ಊದುತ್ತಿದ್ದರು. ಪಾದ್ರಿಗಳು ಗುಡ್ಡದ ಕಡೆಗೆ ತೀರ್ಥ ಚಿಮುಕಿಸಿದರು. ನಾವು ಸುಟ್ಟ ಬೂತಾಯಿ ಮೀನು, ಬ್ರೆಡ್ಡು, ವೈನು ಹೊತ್ತು ತಿರುಗುತ್ತಿದ್ದೆವು.

ಕಟ್ಟೆಯ ಮೇಲೆ ಆಳೆತ್ತರದ ಫೋಟೊ ನಿಲ್ಲಿಸಿದ್ದರು. ಬೆಲ್ಮೀರಾಳದು. ಬೆಂದ ಕುತ್ತಿಗೆ, ಅದರ ಮೇಲೆ ನೀಲಿಯ ಗೆರೆ, ಎಳೆದುಕೊಂಡ ತುಟಿ. ಮುತ್ತಿನ ಸರ ಹಾಕಿದ ಹೆಂಗಸೊಬ್ಬಳು ಅದರ ಮುಂದೆ ಬಹಳ ಹೊತ್ತು ನಿಂತಳು. “ಎಂಥ ಮುಖ!” ಎಂದು ಗಂಡನಿಗೆ ಹೇಳಿ ಕಣ್ಣೊರೆಸಿಕೊಂಡಳು. ಆಮೇಲೆ ತಿರುಗಿ, ತಟ್ಟೆ ಹಿಡಿದು ನಿಂತಿದ್ದ ಬೆಲ್ಮೀರಾಳಿಂದ ಒಂದು ಮೀನು ತೆಗೆದುಕೊಂಡು, “ಮುಳ್ಳು ಇದೆಯಾ?” ಎಂದು ಕೇಳಿದಳು.

“ಐತೆ,” ಎಂದಳು ಬೆಲ್ಮೀರಾ.

ಅವಳಿಗೆ ಓದು ಬಾರದು. ಫೋಟೊದ ಕೆಳಗಿನ ಅಕ್ಷರಗಳನ್ನು ತೋರಿಸಿ, “ಏನ್ ಬರ್ದವ್ರೆ ಗ್ರಸಿಂದಾ?” ಎಂದು ನನ್ನನ್ನು ಕೇಳಿದಳು. ನಾನು ತಟ್ಟೆ ಸರಿಮಾಡಿಕೊಳ್ಳುವ ನೆಪ ಮಾಡಿದೆ. ಅವಳು ಬಿಡಲಿಲ್ಲ. ಓದಿದೆ.

“‘ಒಬ್ಬ ಆಡು ಕಾಯುವವನ ಅಜಾಗರೂಕತೆಯಿಂದ ಸುಟ್ಟ ಕಾಡು. ಅವನ ಮಡದಿ ಪ್ರಕೃತಿಯ ಕ್ಷಮೆ ಕೇಳುತ್ತಿದ್ದಾಳೆ.’”

ಅವಳು ಇನ್ನೊಮ್ಮೆ ಓದಲು ಹೇಳಲಿಲ್ಲ. ಮೀನಿನ ತಟ್ಟೆಯನ್ನು ಮಂತ್ರಿಯ ಖಾಲಿ ಕುರ್ಚಿಯ ಮೇಲಿಟ್ಟಳು. ಕಟ್ಟೆಯ ಮೆಟ್ಟಿಲು ಇಳಿದಳು, ರಸ್ತೆ ದಾಟಿದಳು, ಹಳ್ಳದ ಸೇತುವೆ ದಾಟಿದಳು. ಅತಿಥಿಗಳು ಒಳಗೆ ಸುತ್ತಾಡಲಿ ಎಂದು ಗೇಟು ತೆಗೆದಿಟ್ಟಿದ್ದರು. ನಾವು ಏನನ್ನೂ ಮಾತಾಡಿಕೊಂಡಿರಲಿಲ್ಲ. ಎತೆಲ್ವೀನಾ ವೈನಿನ ಜಗ್ಗು ನೆಲದ ಮೇಲಿಟ್ಟು ಹೊರಟಳು. ನಾನು ಹೊರಟೆ. ಕೆರುಬೀನ್ ಕೋಲು ಊರುತ್ತ ಹಿಂದೆ ಬಂದ. ಗೇಟಿನ ಕಾವಲಿನವನು ನಮ್ಮ ನೀಲಿ ಏಪ್ರನ್ನು ನೋಡಿ ದಾರಿ ಬಿಟ್ಟ.

ನೀಲಿ ಮರಗಳ ನಡುವೆ ನಾವು ಹರಡಿಕೊಂಡು ಮೇಲೇರಿದೆವು. ರಸ್ತೆಯ ಕಡೆಯಿಂದ ಬ್ಯಾಂಡು ನಿಂತಿತು. ಯಾರೋ “ನೋಡಿ, ನೋಡಿ!” ಎಂದದ್ದು ಕೇಳಿಸಿತು. ತಿರುಗಿ ನೋಡಿದೆ. ಎಲ್ಲರೂ ಕಟ್ಟೆಯ ಅಂಚಿಗೆ ಬಂದು ನಿಂತಿದ್ದರು. ಲೊರೆನ್ಸು ಕ್ಯಾಮೆರಾ ಎತ್ತಿದ್ದ.

ಬೆಲ್ಮೀರಾ ಬಗ್ಗಿದಳು. ಒಂದು ಸಸಿಯ ಕುತ್ತಿಗೆ ಹಿಡಿದು, ಎಳೆದು, ಬೇರು ಮೇಲೆ ಮಾಡಿ ಎತ್ತಿ ಹಿಡಿದಳು. ಮಣ್ಣು ಅವಳ ಮುಖದ ಮೇಲೆ ಉದುರಿತು.

ಕಟ್ಟೆಯ ಮೇಲೆ ಚಪ್ಪಾಳೆ ಬಿತ್ತು. ಇದೂ ಚಿತ್ರದ್ದೇ ಭಾಗ ಎಂದುಕೊಂಡಿದ್ದರು.

ಅವಳು ಇನ್ನೊಂದು ಕಿತ್ತಳು. ನಾನು ನನ್ನ ಸಾಲಿನದು ಕಿತ್ತೆ. ಮಳೆ ಬಿದ್ದ ಮಣ್ಣು, ಬೇರು ಸಲೀಸಾಗಿ ಬರುತ್ತಿತ್ತು. ಎತೆಲ್ವೀನಾ ಒಂದೊಂದು ಕಿತ್ತಾಗಲೂ ಒಬ್ಬೊಬ್ಬರ ಹೆಸರು ಹಿಡಿದು ಬೈಯುತ್ತಿದ್ದಳು. “ಅಮಾದೇವು, ನಿನ್ ವಂಶ ಹಾಳಾಗ. ಫಿರ್ಮೀನೊ, ನಿನ್ ಕೈ ಸೇದೋಗ.” ಅತ್ತ ಕಟ್ಟೆಯ ಮೇಲೆ ಮಂತ್ರಿಯೂ ಚಪ್ಪಾಳೆ ತಟ್ಟಿದ. ಅವನು ತಟ್ಟಿದನೆಂದು ಉಳಿದವರು ಇನ್ನೂ ಜೋರಾಗಿ ತಟ್ಟಿದರು.

ಮೊದಲು ಕೈ ನಿಲ್ಲಿಸಿದವನು ಅಮಾದೇವು. ನಮ್ಮ ಕೈಯಲ್ಲಿ ಏನಿದೆಯೆಂದು ಅವನಿಗೆ ಆ ದೂರದಿಂದಲೇ ಗೊತ್ತಾಯಿತು. “ಹಿಡೀರೋ ಆ ಲೌಡೀರನ್ನ!” ಎಂದು ಕೂಗುತ್ತ ಮೆಟ್ಟಿಲು ಇಳಿದ. ಫಿರ್ಮೀನೊ, ಪೊಲೀಸರು, ಟೈ ಕಟ್ಟಿದವರು ಸೇತುವೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಓಡಿ ಬಂದರು. ಕೆರುಬೀನ್ ಗೇಟು ಎಳೆದು, ಅದಕ್ಕೆ ಬೆನ್ನು ಕೊಟ್ಟು ಕೂತ. ಅವರು ಅವನನ್ನು ತುಳಿದುಕೊಂಡೇ ಒಳಗೆ ಬಂದರು.

ಬೆಲ್ಮೀರಾಳನ್ನು ಇಬ್ಬರು ಹಿಡಿದು ನೆಲಕ್ಕೆ ಕೆಡವಿದರು. ಒಬ್ಬ ಅವಳ ಬೆನ್ನ ಮೇಲೆ ಮಂಡಿ ಊರಿದ. ಬಾಯಿಗೆ ಮಣ್ಣು ಮೆತ್ತಿತ್ತು, ಆದರೂ ಅವಳು ಏನೋ ಹೇಳುತ್ತಿದ್ದಳು. ಹತ್ತಿರದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

“ಅವ್ನು ಸೇದ್ತಿರ್ಲಿಲ್ಲ. ಸೇದ್ತಿರ್ಲಿಲ್ಲ ಕಣ್ರೋ ಸೂಳೇಮಕ್ಳಾ.”

ಲೊರೆನ್ಸು ಕ್ಯಾಮೆರಾ ಇಳಿಸಿರಲಿಲ್ಲ. ಕಟ್ಟೆಯ ಮೇಲೆ, ಗಲಾಟೆಯ ಹಿಂದೆ, ಒಬ್ಬರು ಯಾರೋ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು. ಫಿರ್ಮೀನೊ ನನ್ನ ಕಡೆಗೆ ಏರಿ ಬರುತ್ತಿದ್ದ. ಅವನು ಬರುವುದರೊಳಗೆ ನನ್ನ ಸಾಲು ಮುಗಿಯುವ ಹಾಗಿರಲಿಲ್ಲ. ಬಗ್ಗಿ ಮುಂದಿನದಕ್ಕೆ ಕೈ ಹಾಕಿದೆ.